ಮೈಕ್ ಇಲ್ಲದೆ ಕೊನೆಯ ಸಾಲಿನವರೆಗೆ: ತತ್ಸುರೋ ಯಮಾಶಿತಾ ಹಾಡಿದ ಐವತ್ತು ವರ್ಷ

ಮೊದಲು ಹಾಡು ಕೇಳೋಣ, ಮಾತು ಆಮೇಲೆ.

(ಇಲ್ಲಿ ‘ಸ್ಪಾರ್ಕಲ್’ ಹಾಡಿನ ಮೊದಲ ಅರ್ಧ ನಿಮಿಷ ಕೇಳಿಸಲಾಯಿತು.)

ಆ ಗಿಟಾರ್ ಗಮನಿಸಿದಿರಲ್ಲ? ಡ್ರಮ್ ಇನ್ನೂ ಬಂದಿಲ್ಲ, ಬೇಸ್ ಬಂದಿಲ್ಲ, ಹಾಡುಗಾರ ಬಾಯಿ ತೆರೆದಿಲ್ಲ. ಒಂದೇ ಒಂದು ಗಿಟಾರ್. ಆದರೂ ನಿಮ್ಮಲ್ಲಿ ಮೂರು ನಾಲ್ಕು ಜನರ ಕಾಲು ಆಗಲೇ ತಾಳ ಹಾಕುತ್ತಿತ್ತು, ನಾನು ಇಲ್ಲಿಂದ ನೋಡುತ್ತಿದ್ದೆ. ಹೀಗೆ ನುಡಿಸುವುದಕ್ಕೆ ಕಟಿಂಗ್ ಅಂತ ಹೇಳುತ್ತಾರೆ. ಬಲಗೈ ನಿಲ್ಲುವುದೇ ಇಲ್ಲ, ಮಜ್ಜಿಗೆ ಕಡೆಯುವವರ ಕೈ ಹಾಗೆ ಒಂದೇ ಸಮ ಆಡುತ್ತಿರುತ್ತದೆ. ಸ್ವರ ಬೇಕಾದಾಗ ಎಡಗೈ ತಂತಿಯನ್ನು ಒತ್ತುತ್ತದೆ, ಬೇಡವಾದಾಗ ಸುಮ್ನೆ ಮುಟ್ಟಿಕೊಂಡಿರುತ್ತದೆ. ಒತ್ತಿದಾಗ ಸ್ವರ, ಮುಟ್ಟಿದಾಗ ‘ಚಕ್’ ಅನ್ನುವ ಸದ್ದು. ಹಾಡಿನ ಜೀವ ಸ್ವರದಲ್ಲಿ ಎಷ್ಟಿದೆಯೋ ಆ ‘ಚಕ್’ನಲ್ಲೂ ಅಷ್ಟೇ ಇದೆ.

ನುಡಿಸಿದವರು ಜಪಾನಿನ ಹಾಡುಗಾರ ತತ್ಸುರೋ ಯಮಾಶಿತಾ. ಹಾಡಿದವರೂ ಅವರೇ, ರಾಗ ಹಾಕಿದವರೂ ಅವರೇ, ಹಿಂದೆ ಕೇಳಿಸುವ ಕೋರಸ್ಸಿನಲ್ಲೂ ಅವರ ದನಿ ಇದೆ. ಈ ಹಾಡು ಇರುವ ‘ಫಾರ್ ಯೂ’ ಆಲ್ಬಮ್ ಬಂದದ್ದು 1982ರ ಜನವರಿಯಲ್ಲಿ. ಜಪಾನಿನಲ್ಲಿ ಅದು ಕಡುಚಳಿಯ ತಿಂಗಳು. ಆದರೂ ಆ ಆಲ್ಬಮ್ ಅಂದರೆ ಜಪಾನಿನವರಿಗೆ ಬೇಸಿಗೆ, ಸಮುದ್ರ, ನೀಲಿ ಆಕಾಶ.

ನಾನು ಇವತ್ತು ಅವರ ಬದುಕನ್ನು ಮೊದಲಿನಿಂದ ಕೊನೆಯವರೆಗೆ ಹೇಳಲು ಹೊರಟಿಲ್ಲ. ಒಂದು ಪ್ರಶ್ನೆ ನನ್ನನ್ನು ಐದಾರು ವರ್ಷಗಳಿಂದ ಕಾಡುತ್ತಿದೆ, ಅದನ್ನು ನಿಮ್ಮ ಮುಂದೆ ಇಡುತ್ತೇನೆ. ಈ ಮನುಷ್ಯ ತನಗೆ ಒದಗಿಬಂದದ್ದರಲ್ಲಿ ಎಷ್ಟೊಂದನ್ನು ಬೇಡ ಅಂದರು! ಟೀವಿಯಲ್ಲಿ ಹಾಡುವುದು ಬೇಡ. ದೊಡ್ಡ ಸ್ಟೇಡಿಯಂ ಬೇಡ. ಕಛೇರಿಯ ವಿಡಿಯೊ ಮಾಡಿ ಮಾರುವುದು ಬೇಡ. ಈಗ ಸ್ಟ್ರೀಮಿಂಗ್ ಕೂಡ ಬೇಡ. ಇಷ್ಟೆಲ್ಲ ಬೇಡ ಅಂದವರು ಐವತ್ತು ವರ್ಷ ಹೇಗೆ ಉಳಿದರು? ನನಗೆ ಸಿಕ್ಕ ಉತ್ತರ ಇದು. ಅವರು ಬೇಡ ಅಂದದ್ದೆಲ್ಲ ಒಂದೇ ಕಾರಣಕ್ಕೆ. ಹಾಡುವ ಗಂಟಲಿಗೂ ಕೇಳುವ ಕಿವಿಗೂ ನಡುವೆ ದೂರ ಹೆಚ್ಚಿಸುವ ಯಾವುದನ್ನೂ ಅವರು ಒಳಗೆ ಬಿಟ್ಟುಕೊಳ್ಳಲಿಲ್ಲ.

ಹುಟ್ಟಿದ್ದು 1953ರ ಫೆಬ್ರವರಿ 4ರಂದು, ಟೋಕಿಯೊದ ಇಕೆಬುಕುರೊದಲ್ಲಿ. ಯುದ್ಧ ಮುಗಿದು ಎಂಟು ವರ್ಷವೂ ಆಗಿರಲಿಲ್ಲ. ಅಮೆರಿಕದ ಸೈನ್ಯ ಜಪಾನಿನಲ್ಲೇ ಇತ್ತು, ಆ ಸೈನಿಕರಿಗಾಗಿ ಎಫ್‌ಇಎನ್ ಎಂಬ ರೇಡಿಯೊ ನಡೆಯುತ್ತಿತ್ತು. ಅದು ಸೈನಿಕರಿಗಷ್ಟೇ ಅಂದರೂ ಅಲೆಗೆ ಬೇಲಿ ಹಾಕಲು ಆಗುತ್ತದೆಯೇ? ಟೋಕಿಯೊದ ಹುಡುಗರು ಅದನ್ನೇ ಹಚ್ಚಿಕೊಂಡು ಕೂತರು. ಬೀಚ್ ಬಾಯ್ಸ್, ರಾಸ್ಕಲ್ಸ್, ಬೀದಿಮೂಲೆಯಲ್ಲಿ ನಿಂತು ಬರೀ ಗಂಟಲಲ್ಲಿ ಹಾಡುತ್ತಿದ್ದ ಡೂ-ವಾಪ್ ತಂಡಗಳು, ಕಪ್ಪು ಅಮೆರಿಕನ್ನರ ಸೋಲ್ ಸಂಗೀತ, ಎಲ್ಲವೂ ಈ ಹುಡುಗನ ಕಿವಿಗೆ ಬಿತ್ತು. ಶಾಲೆಯ ಬ್ಯಾಂಡಿನಲ್ಲಿ ಅವರು ಬಾರಿಸುತ್ತಿದ್ದದ್ದು ತಾಳವಾದ್ಯ. ಇದನ್ನು ನೆನಪಿಡಿ. ಈಗ ಕೇಳಿದ ಗಿಟಾರ್ ಇದೆಯಲ್ಲ, ಅದು ಡ್ರಮ್ ಬಾರಿಸುವವರ ಕೈ ನುಡಿಸಿದ ಗಿಟಾರ್ ಅಂತಲೇ ನನಗೆ ಅನ್ನಿಸುವುದು.

ಕಾನೂನು ಓದಲು ಮೇಜಿ ವಿಶ್ವವಿದ್ಯಾಲಯ ಸೇರಿದರು, ಕೆಲವೇ ತಿಂಗಳಲ್ಲಿ ಬಿಟ್ಟರು. ಅದೇ 1972ರಲ್ಲಿ ಗೆಳೆಯರ ಜೊತೆ ಸೇರಿ ಸ್ವಂತ ಖರ್ಚಿನಲ್ಲಿ ಒಂದು ಎಲ್ಪಿ ಮಾಡಿದರು. ತುಂಬ ಪ್ರೀತಿಸುತ್ತಿದ್ದ ಹಾಡುಗಳನ್ನೇ ತಾವೂ ಹಾಡಿಟ್ಟರು, ಒಂದು ಬದಿಗೆ ಪೂರ್ತಿ ಬೀಚ್ ಬಾಯ್ಸ್. ಒತ್ತಿಸಿದ್ದು ಬರೀ 100 ಪ್ರತಿ. ಹತ್ತೊಂಬತ್ತು ವರ್ಷದ ಹುಡುಗರು ನೂರು ಪ್ರತಿ ಒತ್ತಿಸಿದರೆ ಏನಾಗುತ್ತದೆ? ಹೆಚ್ಚೂಕಮ್ಮಿ ನೆಂಟರ ಮನೆಯ ಕಪಾಟು ಸೇರುತ್ತದೆ. ಆದರೆ ಅದರಲ್ಲೊಂದು ಪ್ರತಿ ಕೋಯೆಂಜಿ ಎಂಬಲ್ಲಿದ್ದ ಒಂದು ಕೆಫೆಗೆ ಹೋಯಿತು. ಆ ಕಾಲದ ಟೋಕಿಯೊದ ಸಂಗೀತದ ಕೆಫೆಗಳು ಬೇರೆಯೇ ಥರ. ಒಂದು ಲೋಟ ಕಾಫಿ ತಗೊಂಡು ಗಂಟೆಗಟ್ಟಲೆ ರೆಕಾರ್ಡ್ ಕೇಳುತ್ತ ಕೂರಬಹುದಿತ್ತು. ಅಲ್ಲಿ ಆ ರೆಕಾರ್ಡ್ ಕೇಳಿದ ಗಿಂಜಿ ಇತೋ ಎಂಬ ಸಂಗೀತಗಾರ ಯಾರಿವರು ಅಂತ ವಿಚಾರಿಸಿದರು. ಸುದ್ದಿ ಎಯಿಚಿ ಓತಾಕಿ ಅವರಿಗೆ ಮುಟ್ಟಿತು. ಓತಾಕಿ ಅಂದರೆ ಜಪಾನಿ ಭಾಷೆಯಲ್ಲೇ ರಾಕ್ ಹಾಡಬಹುದು ಅಂತ ತೋರಿಸಿಕೊಟ್ಟ ಹ್ಯಾಪಿ ಎಂಡ್ ತಂಡದವರು. ನೂರರಲ್ಲಿ ಒಂದು ಪ್ರತಿ, ಸರಿಯಾದ ಒಂದು ಕಿವಿ. ಅಷ್ಟು ಸಾಕಾಯಿತು.

1973ರಲ್ಲಿ ಯಮಾಶಿತಾ, ತಾಯೆಕೊ ಓನುಕಿ ಮೊದಲಾದವರು ಸೇರಿ ಶುಗರ್ ಬೇಬ್ ಎಂಬ ತಂಡ ಕಟ್ಟಿದರು. 1975ರ ಏಪ್ರಿಲ್‌ನಲ್ಲಿ ಅವರ ಒಂದೇ ಆಲ್ಬಮ್ ‘ಸಾಂಗ್ಸ್’ ಬಂತು, ಓತಾಕಿ ಅವರ ನಯಾಗರಾ ಲೇಬಲ್ಲಿನಲ್ಲಿ. ಆಗ ಜಪಾನಿನ ಹುಡುಗರಿಗೆ ಬೇಕಿದ್ದದ್ದು ಗಡುಸು ರಾಕ್, ಬ್ಲೂಸ್, ಇಲ್ಲವೇ ಗಿಟಾರ್ ಹಿಡಿದು ಮನಸ್ಸಿನ ನೋವು ಹೇಳಿಕೊಳ್ಳುವ ಫೋಕ್. ಇವರೋ ಮೆತ್ತಗಿನ ಕಾರ್ಡ್‌ಗಳು, ಮೂರು ನಾಲ್ಕು ದನಿಗಳ ಕೋರಸ್ ಹಿಡಿದುಕೊಂಡು ಬಂದರು. ಜನಕ್ಕೆ ಹಿಡಿಸಲಿಲ್ಲ. ರೆಕಾರ್ಡ್ ಹೊರತಂದ ಕಂಪನಿಯೇ ಸ್ವಲ್ಪ ಕಾಲದಲ್ಲಿ ಮುಚ್ಚಿಹೋಯಿತು. 1976ರ ವಸಂತದಲ್ಲಿ ತಂಡವೂ ನಿಂತಿತು. ಇವತ್ತು ಅದೇ ‘ಸಾಂಗ್ಸ್’ ಜಪಾನಿನ ಪಾಪ್ ಚರಿತ್ರೆಯ ದೊಡ್ಡ ಆಲ್ಬಮ್‌ಗಳಲ್ಲಿ ಒಂದು, ಮತ್ತೆ ಮತ್ತೆ ಅಚ್ಚಾಗುತ್ತಲೇ ಇದೆ.

ಆ ಬಡತನದ ವರ್ಷಗಳಲ್ಲಿ ಅವರು ಹೊಟ್ಟೆ ಹೊರೆದದ್ದು ಬೇರೆಯವರ ರೆಕಾರ್ಡುಗಳಿಗೆ ಕೋರಸ್ ಹಾಡಿ, ಜಾಹೀರಾತಿನ ಹಾಡು ಮಾಡಿ. ಯುಮಿ ಅರಾಯಿ ಎಂಬ ಗಾಯಕಿಯ 1974ರ ‘ಮಿಸ್‌ಲಿಮ್’ ಆಲ್ಬಮ್ಮಿನಲ್ಲಿ ಹಿಂದೆ ಕೇಳಿಸುವ ಕೋರಸ್ಸಿನಲ್ಲಿ ಇವರೆಲ್ಲ ಇದ್ದಾರೆ. ಇದು ಸಣ್ಣ ಕೆಲಸ ಅಂತ ಅನ್ನಿಸಬಹುದು. ಅಲ್ಲ. ಕೋರಸ್ ಹಾಡುವವರು ಎಲ್ಲರಿಗಿಂತ ಜಾಸ್ತಿ ಕೇಳಿಸಿಕೊಳ್ಳಬೇಕು. ಪಕ್ಕದವರ ಉಸಿರು ಎಲ್ಲಿ ಬಿತ್ತು, ಮುಖ್ಯ ಗಾಯಕರು ಸ್ವರವನ್ನು ಎಷ್ಟು ಹೊತ್ತು ಎಳೆದರು, ಎಲ್ಲ ಲೆಕ್ಕ ಇರಬೇಕು. ಅವರ ಕಿವಿ ಪಳಗಿದ್ದು ಅಲ್ಲಿ.

ಒಬ್ಬರೇ ಹಾಡುಗಾರರಾಗಿ ಮೊದಲ ಆಲ್ಬಮ್ ‘ಸರ್ಕಸ್ ಟೌನ್’, 1976ರ ಕೊನೆಯಲ್ಲಿ. ಅರ್ಧ ನ್ಯೂಯಾರ್ಕಿನಲ್ಲಿ, ಅರ್ಧ ಲಾಸ್ ಏಂಜಲೀಸಿನಲ್ಲಿ ಧ್ವನಿಮುದ್ರಣ. ನ್ಯೂಯಾರ್ಕಿನಲ್ಲಿ ವಾದ್ಯಗಳನ್ನು ಹೊಂದಿಸಿಕೊಟ್ಟವರು ಚಾರ್ಲಿ ಕಲೆಲೊ, ಫೋರ್ ಸೀಸನ್ಸ್ ತಂಡದ ಹಾಡುಗಳಿಗೆ ಕೆಲಸ ಮಾಡಿದವರು. ರೇಡಿಯೊದಲ್ಲಿ ಕೇಳುತ್ತ ಬೆಳೆದ ಸದ್ದನ್ನು ಮಾಡಿದವರ ಎದುರಿಗೇ ಹೋಗಿ ನಿಂತ ಹಾಗೆ. ವಾಪಸ್ ಬಂದು ಟೋಕಿಯೊದಲ್ಲಿ ‘ಸ್ಪೇಸಿ’ ಮಾಡಿದರು. ಅದರ ಕೆಲವು ಹಾಡುಗಳಿಗೆ ಬೇಸ್ ನುಡಿಸಿದವರು ಹ್ಯಾಪಿ ಎಂಡ್ ತಂಡದಲ್ಲಿದ್ದ ಹರುಓಮಿ ಹೊಸೊನೊ. 1978ರಲ್ಲಿ ಟೋಕಿಯೊದ ರೊಪ್ಪೊಂಗಿಯ ಪಿಟ್ ಇನ್ ಎಂಬ ಸಣ್ಣ ಜಾಗದಲ್ಲಿ ಕಛೇರಿ ಮಾಡಿ ಅದನ್ನೇ ಆಲ್ಬಮ್ ಮಾಡಿದರು. ಅಲ್ಲಿ ಕೀಬೋರ್ಡ್ ಮುಂದೆ ಕೂತಿದ್ದ ಹುಡುಗ ಮುಂದೆ ದೊಡ್ಡ ಸಂಗೀತಗಾರನಾದ ರ್‍ಯುಇಚಿ ಸಕಮೊಟೊ. ಇಷ್ಟಾದರೂ ಮಾರಾಟ ಅಷ್ಟಕ್ಕಷ್ಟೇ. ‘ಗೋ ಅಹೆಡ್’ ಮಾಡುವ ಹೊತ್ತಿಗೆ ತಾವು ಹಾಡುವ ಆಲ್ಬಮ್ ಇದೇ ಕೊನೆಯದಿರಬಹುದು ಅಂತಲೇ ಅವರಿಗೆ ಅನ್ನಿಸಿತ್ತು. ಆದರೆ ಅದರಲ್ಲಿದ್ದ ‘ಬಾಂಬರ್’ ಎಂಬ ಹಾಡನ್ನು ಒಸಾಕಾದ ಡಿಸ್ಕೊಗಳು ಎತ್ತಿಕೊಂಡವು. ಟೋಕಿಯೊ ಹುಡುಗನನ್ನು ಮೊದಲು ಕೈಹಿಡಿದದ್ದು ಒಸಾಕಾದ ಕುಣಿಯುವ ಕಾಲುಗಳು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಜಪಾನಿ ಬಾರದ ನಮಗೆ ಆ ಹಾಡುಗಳ ಮಾತು ಯಾಕೋ ಅಷ್ಟು ಪರಕೀಯ ಅನ್ನಿಸುವುದಿಲ್ಲ. ಯಾಕೆ ಅಂತ ಯೋಚನೆ ಮಾಡಿದ್ದೇನೆ. ನಾವು ‘ಬಸ್’ ಅನ್ನುವುದಿಲ್ಲ, ‘ಬಸ್ಸು’ ಅನ್ನುತ್ತೇವೆ. ಕಾರು, ರೋಡು, ಲೈಟು. ವ್ಯಂಜನದಲ್ಲಿ ಮಾತು ನಿಲ್ಲಿಸಿದರೆ ನಮಗೆ ಸಮಾಧಾನ ಇಲ್ಲ, ಕೊನೆಗೊಂದು ಸ್ವರ ಬೇಕು. ಜಪಾನಿಗಳೂ ಹಾಗೇ. ಬಸ್ ಅವರ ಬಾಯಲ್ಲಿ ‘ಬಸು’. ಕ್ರಿಸ್‌ಮಸ್ ‘ಕುರಿಸುಮಸು’. ಸೋಲ್ ಹಾಡುವುದು ಅಂದರೆ ಸ್ವರಾಕ್ಷರವನ್ನು ಎಳೆಯುವುದು, ಬಗ್ಗಿಸುವುದು. ಅಂಥ ಭಾಷೆಗೆ ಎಳೆಯಲು ಬೇಕಾದಷ್ಟು ಜಾಗ ಇದೆ. ಕಷ್ಟ ಇರುವುದು ತಾಳದಲ್ಲಿ. ಇಂಗ್ಲಿಷಿನಲ್ಲಿ ಒಂದು ಮಾತನ್ನು ಒಂದೇ ಪೆಟ್ಟಿಗೆ ಹೊಡೆಯಬಹುದು, ಜಪಾನಿಯಲ್ಲಿ ಅದೇ ಅರ್ಥಕ್ಕೆ ನಾಲ್ಕೈದು ಸಮಸಮ ಅಕ್ಷರ ಬೇಕು. ಯಮಾಶಿತಾ ಮಾಡಿದ್ದೇನೆಂದರೆ, ಪೆಟ್ಟಿನ ಕೆಲಸವನ್ನು ಗಿಟಾರಿಗೂ ಡ್ರಮ್ಮಿಗೂ ಬಿಟ್ಟು, ಗಂಟಲನ್ನು ಅದರ ಮೇಲೆ ಉದ್ದಕ್ಕೆ ತೇಲಿಸಿದರು. ನನಗೆ ಹಾಗೆ ಕೇಳಿಸುತ್ತದೆ. ಮಿನಾಕೊ ಯೋಶಿದಾ ಅವರೂ ಒಳ್ಳೆಯ ಸೋಲ್ ಗಾಯಕಿ. ಆ ದಿನಗಳ ಎಷ್ಟೋ ಹಾಡುಗಳಿಗೆ ಮಾತು ಬರೆದುಕೊಟ್ಟವರು ಅವರು. ಈಗ ಕೇಳಿದ ‘ಸ್ಪಾರ್ಕಲ್’ ಕೂಡ ಅವರದೇ ಮಾತು. ಹಾಡುವವರೇ ಬರೆದ ಮಾತು ಗಂಟಲಿಗೆ ಹೇಗೆ ಹೊಂದುತ್ತದೆ ನೋಡಿ.

ಅಂತೂ 1980 ಬಂತು. ಮ್ಯಾಕ್ಸೆಲ್ ಕ್ಯಾಸೆಟ್ ನೆನಪಿದೆಯಾ? ನಿಮ್ಮಲ್ಲಿ ನನ್ನ ವಯಸ್ಸಿನವರ ಮನೆಯಲ್ಲಿ ಒಂದಾದರೂ ಇದ್ದಿರುತ್ತದೆ. ಆ ಕ್ಯಾಸೆಟ್ಟಿನ ಟೀವಿ ಜಾಹೀರಾತಿಗೆ ಯಮಾಶಿತಾ ಹಾಡು ಮಾಡಿಕೊಟ್ಟರು, ಸಮುದ್ರದ ನೀರಿನಲ್ಲಿ ನಿಂತು ಸ್ವತಃ ಕಾಣಿಸಿಕೊಂಡರು. ಹಾಡು ‘ರೈಡ್ ಆನ್ ಟೈಮ್’. ಆಗ ಅವರಿಗೆ 27 ವರ್ಷ. ಹಾಡು ಜಪಾನಿನಲ್ಲಿ ರೆಕಾರ್ಡುಗಳ ಮಾರಾಟ ಲೆಕ್ಕ ಹಾಕುವ ಒರಿಕಾನ್ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಬಂತು, ಅದೇ ಹೆಸರಿನ ಆಲ್ಬಮ್ ಮೊದಲ ಸ್ಥಾನಕ್ಕೆ. ಜುನ್ ಆವೋಯಾಮಾ ಅವರ ಡ್ರಮ್, ಕೋಕಿ ಇತೋ ಅವರ ಬೇಸ್ ಈ ಹೊತ್ತಿಗೆ ಜೊತೆಯಾದವು. ಮುಂದಿನ ಎಷ್ಟೋ ವರ್ಷ ಈ ಮೂವರ ಕೈ ಒಂದೇ ದೇಹದ ಕೈಗಳ ಹಾಗೆ ಆಡಿದವು.

ಏಳೆಂಟು ವರ್ಷ ಕಾದ ಮೇಲೆ ಗೆಲುವು ಬಂದಿದೆ. ನೀವಾಗಿದ್ದರೆ ಮುಂದೇನು ಮಾಡುತ್ತಿದ್ದಿರಿ? ಅಂಥದೇ ಇನ್ನೊಂದು ಹಾಡು ಅಲ್ವಾ? ಅವರು ಅದೇ ವರ್ಷದ ಡಿಸೆಂಬರ್‌ನಲ್ಲಿ ‘ಆನ್ ದ ಸ್ಟ್ರೀಟ್ ಕಾರ್ನರ್’ ತಂದರು. ಅಮೆರಿಕದ ಹಳೆಯ ಡೂ-ವಾಪ್ ಹಾಡುಗಳು. ವಾದ್ಯದ ನೆರವಿಲ್ಲ. ಐದಾರು ಜನ ಸೇರಿ ಹಾಡಬೇಕಾದ್ದನ್ನೆಲ್ಲ ಒಬ್ಬರೇ ಹಾಡಿ, ಒಂದರ ಮೇಲೊಂದು ಪೇರಿಸಿದ್ದು.

ಇದನ್ನು ಮಾಡುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಕೇಳುವಾಗ ಸಲೀಸು ಅನ್ನಿಸುತ್ತದೆ. ಮೊದಲು ತಗ್ಗಿನ ದನಿಯನ್ನು ಹಾಡಿ ಟೇಪಿಗೆ ಹಾಕಬೇಕು. ಟೇಪ್ ಹಿಂದಕ್ಕೆ ಸುತ್ತಿ, ಹೆಡ್‌ಫೋನಿನಲ್ಲಿ ಅದನ್ನೇ ಕೇಳುತ್ತ ಅದರ ಮೇಲಿನ ದನಿ ಹಾಡಬೇಕು. ಮತ್ತೆ ಸುತ್ತು, ಮತ್ತೆ ಹಾಡು. ಮೊದಲನೆಯದರಲ್ಲಿ ಶ್ರುತಿ ಕೂದಲೆಳೆಯಷ್ಟು ತಗ್ಗಿದ್ದರೆ ಅದರ ಮೇಲೆ ನಿಂತದ್ದೆಲ್ಲ ವಾಲುತ್ತದೆ. ಗೋಡೆ ಕಟ್ಟುವಾಗ ಮೊದಲ ವರಸೆ ಸೊಟ್ಟಗಾದ ಹಾಗೆ. ಇನ್ನು ‘ಸ’ಕಾರ. ಒಬ್ಬರು ‘ಸ’ ಅಂದರೆ ಪರವಾಗಿಲ್ಲ. ಎಂಟು ದನಿ ಒಟ್ಟಿಗೆ ‘ಸ’ ಅಂದರೆ ಹಾವು ಬುಸುಗುಟ್ಟಿದ ಹಾಗೆ ಕೇಳಿಸುತ್ತದೆ. ಒಂದೊಂದು ಸ್ವಲ್ಪ ಹಿಂದೆ ಮುಂದೆ ಬಿದ್ದರೆ ಇನ್ನೂ ಕೆಟ್ಟದು, ‘ಸ್ಸ್ಸ್’ ಅಂತ ಹರಿದ ಬಟ್ಟೆಯ ಅಂಚಿನ ಹಾಗೆ. ಅದಕ್ಕೆ ಎಷ್ಟೋ ಕಡೆ ಒಂದು ದನಿಯಲ್ಲಿ ಮಾತ್ರ ವ್ಯಂಜನವನ್ನು ಪೂರ್ತಿ ಆಡಿ, ಉಳಿದವುಗಳಲ್ಲಿ ನುಂಗಬೇಕಾಗುತ್ತದೆ. ಉಸಿರಿಗೂ ಜಾಗ ಹುಡುಕಬೇಕು. ಎಲ್ಲ ದನಿಗಳೂ ಒಂದೇ ಕಡೆ ಉಸಿರೆಳೆದರೆ ಹಾಡಿನ ನಡುವೆ ತೂತು ಬೀಳುತ್ತದೆ. ಶ್ರುತಿ ತಿದ್ದುವ ಯಂತ್ರ ಇಲ್ಲದ ಕಾಲ ಅದು. ತಪ್ಪಿದರೆ ಮತ್ತೆ ಹಾಡಬೇಕು, ಅಷ್ಟೇ. ಇಂಥ ಆಲ್ಬಮ್ ಅವರು ಒಂದಲ್ಲ, ಮೂರು ಮಾಡಿದರು. ಎರಡನೆಯದು 1986ರಲ್ಲಿ, ಮೂರನೆಯದು 1999ರಲ್ಲಿ. ಯಾರೂ ಕೇಳಿರಲಿಲ್ಲ ಇವನ್ನು. ಅವರಿಗೆ ಬೇಕಿತ್ತು.

ಅದೇ ಕೈಚಳಕ ಅವರ ಬದುಕಿನ ಅತಿ ದೊಡ್ಡ ಹಾಡಿನ ನಡುವೆ ಕೂತಿದೆ. 1983ರ ‘ಮೆಲಡೀಸ್’ ಆಲ್ಬಮ್ಮಿನ ಕೊನೆಯ ಹಾಡು ‘ಕ್ರಿಸ್‌ಮಸ್ ಈವ್’.

(ಇಲ್ಲಿ ಹಾಡಿನ ನಡುವಿನ ಭಾಗ ಕೇಳಿಸಲಾಯಿತು.)

ಮಾತು ನಿಂತು ದನಿಗಳು ಮಾತ್ರ ಒಂದರ ಬೆನ್ನಿಗೆ ಇನ್ನೊಂದು ಬಂದವಲ್ಲ, ಅದು ಪಾಖೆಲ್‌ಬೆಲ್ ಎಂಬ ಜರ್ಮನ್ ಸಂಗೀತಗಾರನ ಕ್ಯಾನನ್. ಮುನ್ನೂರು ವರ್ಷ ಹಳೆಯದು. ಕ್ಯಾನನ್ ಅಂದರೆ ಒಂದೇ ರಾಗದ ಎಳೆಯನ್ನು ಒಬ್ಬರಾದ ಮೇಲೆ ಒಬ್ಬರು ಹಿಡಿಯುತ್ತ ಹೋಗುವುದು. ಪಾಖೆಲ್‌ಬೆಲ್ ಬರೆದದ್ದು ಪಿಟೀಲುಗಳಿಗೆ. ಇಲ್ಲಿ ಪಿಟೀಲೂ ಇಲ್ಲ, ಗಾಯಕರ ಗುಂಪೂ ಇಲ್ಲ. ಎಲ್ಲವೂ ಯಮಾಶಿತಾ. ತನ್ನ ಹಿಂದೆ ತಾನೇ ಓಡುತ್ತಿದ್ದಾರೆ.

ಆ ಹಾಡಿನ ಕಥೆಯೂ ಚೆನ್ನಾಗಿದೆ. 1983ರ ನವೆಂಬರಿನಲ್ಲಿ ಸಿಂಗಲ್ ಆಗಿ ಬಂದಾಗ ಯಾರೂ ಅಷ್ಟಾಗಿ ಎತ್ತಿ ಆಡಲಿಲ್ಲ. ಆಮೇಲೆ 1987ರಲ್ಲಿ ಜಪಾನಿನ ಸರ್ಕಾರಿ ರೈಲ್ವೆ ಒಡೆದು ಹಲವು ಕಂಪನಿಗಳಾದವು. ಅದರಲ್ಲೊಂದು ಜೆಆರ್ ತೋಕಾಯ್. ಅವರು ಡಿಸೆಂಬರ್‌ನಲ್ಲಿ ಬುಲೆಟ್ ರೈಲಿನ ಜಾಹೀರಾತು ಮಾಡಿದರು. ದೂರದ ಊರಿನಲ್ಲಿರುವ ಪ್ರಿಯತಮ ಕ್ರಿಸ್‌ಮಸ್ ಸಂಜೆಗೆ ರೈಲಿನಲ್ಲಿ ಬರುತ್ತಾನೆ, ಹುಡುಗಿ ಸ್ಟೇಶನ್ನಿನಲ್ಲಿ ಕಾಯುತ್ತಾಳೆ. 1989ರ ಜಾಹೀರಾತಿನಲ್ಲಿ ಹುಡುಗಿ ಉಡುಗೊರೆ ಹಿಡಿದು ಓಡಿ ಬಂದು ಕಂಬದ ಹಿಂದೆ ಅಡಗಿ ನಿಲ್ಲುತ್ತಾಳೆ. ಹಿನ್ನೆಲೆಗೆ ಈ ಹಾಡು. ಆ ವರ್ಷ, ಹಾಡು ಹುಟ್ಟಿ ಆರು ವರ್ಷದ ಮೇಲೆ, ಅದು ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಅದಕ್ಕೂ ಕೆಲವು ವರ್ಷ ಮೊದಲಿನಿಂದಲೇ ಅದು ಪ್ರತಿ ಚಳಿಗಾಲಕ್ಕೆ ಪಟ್ಟಿಗೆ ಮರಳುತ್ತಿತ್ತು, ಆಮೇಲೂ ಮರಳುತ್ತಲೇ ಹೋಯಿತು. ಸತತ 30 ವರ್ಷ ಪಟ್ಟಿ ಸೇರಿತು ಅಂತ 2016ರಲ್ಲಿ ಗಿನ್ನೆಸ್ ದಾಖಲೆಯೇ ಸಿಕ್ಕಿತು.

ಆದರೆ ಹಾಡಿನ ಮಾತು ಏನು ಹೇಳುತ್ತದೆ ಗೊತ್ತಾ? ಮಳೆ ರಾತ್ರಿ ಸರಿದ ಹಾಗೆ ಹಿಮವಾಗುತ್ತದೆ, ಅವಳು ಬರುವುದಿಲ್ಲ. ಜಾಹೀರಾತಿನಲ್ಲಿ ಅವನು ಬರುತ್ತಾನೆ, ಹಾಡಿನಲ್ಲಿ ಅವಳು ಬರುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡುವವರ ಎದೆಯಲ್ಲಿ ಒಂದು ಅಳುಕು ಹುಟ್ಟುತ್ತದೆ, ಬರುತ್ತಾನೋ ಇಲ್ಲವೋ ಅಂತ. ಬರುವ ಹಾಡನ್ನೇ ಹಾಕಿದ್ದರೆ ಆ ಜಾಹೀರಾತನ್ನು ಇಷ್ಟು ವರ್ಷ ಯಾರೂ ನೆನಪಿಡುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಮಾರಿಯಾ ತಕೇಉಚಿ ಅವರ ಮಾತು ಬರಲೇಬೇಕು. 1982ರಲ್ಲಿ ಇಬ್ಬರೂ ಮದುವೆಯಾದರು. ಅವರೂ ಹಾಡುಗಾರ್ತಿ, ಹಾಡು ಬರೆಯುವವರು, ಇಜುಮೊ ಊರಿನವರು. ನಾನು ಯಮಾಶಿತಾ ಹೆಸರು ಕೇಳಿದ್ದೇ ಅವರ ಮೂಲಕ. 2018ರ ಒಂದು ರಾತ್ರಿ ಯೂಟ್ಯೂಬಿನಲ್ಲಿ ಇನ್ನೇನೋ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ಅದು ಮುಗಿದು ತಾನಾಗಿಯೇ ‘ಪ್ಲಾಸ್ಟಿಕ್ ಲವ್’ ಶುರುವಾಯಿತು. ನಿಮ್ಮಲ್ಲೂ ಅನೇಕರಿಗೆ ಹೀಗೇ ಆಗಿದೆ ಅಂತ ಮಾತಿಗೆ ಮುಂಚೆ ಹೇಳಿದಿರಿ. 1984ರ ‘ವೆರೈಟಿ’ ಆಲ್ಬಮ್ಮಿನ ಹಾಡು, ಆಗ ದೊಡ್ಡ ಹಿಟ್ಟೇನೂ ಅಲ್ಲ. 2017ರಲ್ಲಿ ಯಾರೋ ಯೂಟ್ಯೂಬಿಗೆ ಹಾಕಿದರು, ಲೋಕವೆಲ್ಲ ಕೇಳಿತು. ಅದರಲ್ಲಿ ಹಾಡಿದ್ದು, ಬರೆದದ್ದು ಮಾರಿಯಾ. ವಾದ್ಯಗಳನ್ನು ಹೊಂದಿಸಿದ್ದು, ಗಿಟಾರ್ ನುಡಿಸಿದ್ದು ಯಮಾಶಿತಾ. ಡ್ರಮ್ ಮತ್ತು ಬೇಸ್ ಮತ್ತೆ ಆವೋಯಾಮಾ, ಇತೋ. ಮುಂದಿನ ಸಲ ಕೇಳುವಾಗ ಮಾರಿಯಾ ಅವರ ದನಿಯನ್ನು ಒಂದು ಕ್ಷಣ ಬಿಟ್ಟು ಡ್ರಮ್ ಒಂದನ್ನೇ ಹಿಡಿಯಿರಿ. ಎಲ್ಲೂ ಅವಸರ ಇಲ್ಲ. ಆವೋಯಾಮಾ 2013ರ ಡಿಸೆಂಬರಿನಲ್ಲಿ ತೀರಿಕೊಂಡರು. ಕೆಲವೇ ವರ್ಷದಲ್ಲಿ ತನ್ನ ಡ್ರಮ್ ಅನ್ನು ಲೋಕದ ಮೂಲೆಮೂಲೆಯ ಹುಡುಗರು ಇಯರ್‌ಫೋನಿನಲ್ಲಿ ಕೇಳುತ್ತಾರೆ ಅಂತ ಅವರಿಗೆ ತಿಳಿಯಲೇ ಇಲ್ಲ. ನನಗೆ ಅದು ಇವತ್ತಿಗೂ ಸಂಕಟ.

ಈಗ ‘ಬೇಡ’ಗಳಿಗೆ ಬರೋಣ. ಮೊದಲು ತಂತ್ರಜ್ಞಾನದ್ದು, ಯಾಕೆಂದರೆ ಅದನ್ನು ಜನ ತಪ್ಪಾಗಿ ತಿಳಿಯುತ್ತಾರೆ. ಹಳೆಯದಕ್ಕೆ ಅಂಟಿಕೊಂಡವರು ಅನ್ನುತ್ತಾರೆ. ಹಾಗೇನಿಲ್ಲ. 1986ರ ‘ಪಾಕೆಟ್ ಮ್ಯೂಸಿಕ್’ ಆಲ್ಬಮ್ಮಿಗೆ ಅವರು ಡಿಜಿಟಲ್ ಮುದ್ರಣಕ್ಕೆ ಹೋದರು, ಕಂಪ್ಯೂಟರ್ ಹಿಡಿದರು. ಹೋಗಿ ಒದ್ದಾಡಿದರು. ಯಾಕೆ ಅಂದರೆ ಹಳೆಯ ಟೇಪಿಗೆ ಸದ್ದು ಜಾಸ್ತಿ ಕೊಟ್ಟರೆ ಅದು ಮೆಲ್ಲಗೆ ಬಾಗುತ್ತದೆ, ತುಂಬಿದ ಕೊಡ ತುಳುಕಿದ ಹಾಗೆ. ಡಿಜಿಟಲ್‌ಗೆ ಒಂದು ಮಟ್ಟ ಇದೆ, ಅಲ್ಲಿಗೆ ಮುಟ್ಟಿದರೆ ತಲೆ ಗೋಡೆಗೆ ಬಡಿದ ಹಾಗೆ ಸದ್ದು ಒಡೆಯುತ್ತದೆ. ಅವರ ಹಾಡುಗಳ ದಪ್ಪ ಆ ತುಳುಕಿನಲ್ಲೇ ಇತ್ತು. ಆಲ್ಬಮ್ ಬಂದು ಐದು ವರ್ಷ ಆದ ಮೇಲೆ, 1991ರಲ್ಲಿ, ಅದನ್ನು ಪೂರ್ತಿ ಮತ್ತೆ ಮಿಕ್ಸ್ ಮಾಡಿ, ಅಂದರೆ ದನಿ ವಾದ್ಯಗಳ ಹದವನ್ನು ಹೊಸದಾಗಿ ಹೊಂದಿಸಿ, ಹೊರತಂದರು. ಮಾರಾಟವಾಗಿ ಮುಗಿದ ಆಲ್ಬಮ್ ಅದು! ಅದೇ ವರ್ಷ ಬಂದ ಹೊಸ ಆಲ್ಬಮ್ಮಿಗೆ ‘ಆರ್ಟಿಸಾನ್’ ಅಂತ ಹೆಸರಿಟ್ಟರು. ತಾನು ಕಲಾವಿದ ಅಲ್ಲ, ಕಸುಬುಗಾರ ಅನ್ನುವುದು ಅವರ ಮಾತು. ಬಡಗಿ, ಕಮ್ಮಾರ, ನೇಕಾರ, ಆ ಸಾಲಿನಲ್ಲಿ ತನ್ನನ್ನು ನಿಲ್ಲಿಸಿಕೊಂಡರು.

ಸ್ಟ್ರೀಮಿಂಗ್ ವಿಷಯವೂ ಇದೇ ದಾರಿಯದು. ಅವರ ಆಲ್ಬಮ್‌ಗಳನ್ನು ಸ್ಟ್ರೀಮಿಂಗಿಗೆ ಕೊಟ್ಟಿಲ್ಲ. ಹನ್ನೊಂದು ವರ್ಷದ ಮೇಲೆ 2022ರಲ್ಲಿ ‘ಸಾಫ್ಟ್‌ಲಿ’ ಬಂದಾಗ ಸಿಡಿ ಬಂತು, ಎಲ್ಪಿ ಬಂತು, ಕ್ಯಾಸೆಟ್ಟೂ ಬಂತು. ಮರುವರ್ಷ 1976ರಿಂದ 82ರವರೆಗಿನ ಹಳೆಯ ಆಲ್ಬಮ್‌ಗಳು ಎಲ್ಪಿ, ಕ್ಯಾಸೆಟ್ ರೂಪದಲ್ಲಿ ಮತ್ತೆ ಬಂದವು. ಇಲ್ಲಿ ಕೂತವರಿಗೆ ಇದು ನಿಜವಾದ ತೊಂದರೆ, ಒಪ್ಪುತ್ತೇನೆ. ಬೆಂಗಳೂರಿನಲ್ಲಿ ಅಂಗಡಿಗೆ ಹೋಗಿ ಕೊಳ್ಳೋಣ ಅಂದರೆ ಸಿಗುವುದಿಲ್ಲ. ನಾನು ‘ಫಾರ್ ಯೂ’ ಸಿಡಿಗೆ ಒಂದು ವರ್ಷ ಕಾದೆ, ಕೊನೆಗೆ ಕೆಲಸದ ಮೇಲೆ ಒಸಾಕಾಗೆ ಹೋದ ಗೆಳೆಯರೊಬ್ಬರು ತಂದುಕೊಟ್ಟರು. ಆದರೆ ಒಂದು ಮಾತು. ಆ ಒಂದು ವರ್ಷ ಕಾದು ಕೇಳಿದ ಆಲ್ಬಮ್ಮನ್ನು ನಾನು ಕೇಳಿದ ಹಾಗೆ ಬೇರೆ ಯಾವುದನ್ನೂ ಕೇಳಿಲ್ಲ. ದೀಪ ಆರಿಸಿ ಕೂತು ಎರಡು ಸಲ ಪೂರ್ತಿ ಕೇಳಿದೆ.

ಹಾಗಂತ ಅವರು ಜನರಿಂದ ದೂರ ಕೂತವರಲ್ಲ. 1992ರಿಂದ ಟೋಕಿಯೊ ಎಫ್‌ಎಮ್‌ನಲ್ಲಿ ವಾರಕ್ಕೊಮ್ಮೆ ರೇಡಿಯೊ ಕಾರ್ಯಕ್ರಮ ನಡೆಸುತ್ತಿದ್ದಾರೆ. ‘ಸಂಡೇ ಸಾಂಗ್‌ಬುಕ್’ ಅಂತ ಹೆಸರು. ತಮ್ಮ ಸಂಗ್ರಹದ ಹಳೆಯ ರೆಕಾರ್ಡುಗಳನ್ನೇ ತಂದು, ರೇಡಿಯೊದಲ್ಲಿ ಚೆನ್ನಾಗಿ ಕೇಳಿಸಲಿ ಅಂತ ಸದ್ದನ್ನು ತಾವೇ ಹದ ಮಾಡಿ ಹಾಕುತ್ತಾರೆ. ಎಫ್‌ಇಎನ್ ಕೇಳಿ ಬೆಳೆದ ಹುಡುಗ ಆ ಸಾಲ ತೀರಿಸುತ್ತಿದ್ದಾನೆ ಅನ್ನಿಸುತ್ತದೆ ನನಗೆ.

ಅದೇ ರೇಡಿಯೊದ ಒಂದು ಭಾನುವಾರದ ಬಗ್ಗೆ ಹೇಳದೆ ಹೋದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಹುಡುಗರ ಪಾಪ್ ತಂಡಗಳನ್ನು ಕಟ್ಟುತ್ತಿದ್ದ ಒಂದು ದೊಡ್ಡ ಏಜೆನ್ಸಿಗೆ ಯಮಾಶಿತಾ ಬಹಳ ವರ್ಷ ಹಾಡು ಮಾಡಿಕೊಟ್ಟಿದ್ದರು. 1997ರಲ್ಲಿ ಕಿಂಕಿ ಕಿಡ್ಸ್ ಎಂಬ ಜೋಡಿಗೆ ಮಾಡಿದ ಹಾಡು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು. 2023ರಲ್ಲಿ ಆ ಏಜೆನ್ಸಿಯ ತೀರಿಹೋದ ಸ್ಥಾಪಕ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸುತ್ತಿದ್ದ ಸಂಗತಿ ದೊಡ್ಡದಾಗಿ ಹೊರಬಂತು. ಆ ಬಗ್ಗೆ ದನಿಯೆತ್ತಿದ ಒಬ್ಬ ಸಂಗೀತ ನಿರ್ಮಾಪಕರ ಒಪ್ಪಂದವನ್ನು ಯಮಾಶಿತಾ ಅವರ ವ್ಯವಹಾರ ನೋಡಿಕೊಳ್ಳುವ ಕಂಪನಿ ಮುಗಿಸಿತ್ತು. ಜುಲೈನಲ್ಲಿ ರೇಡಿಯೊದಲ್ಲಿ ಮಾತಾಡುತ್ತ ಅವರು ಸ್ಥಾಪಕರ ಋಣ ನೆನೆದರು. ತನ್ನನ್ನು ಅಧಿಕಾರಕ್ಕೆ ಬಗ್ಗಿದವನು ಅಂದುಕೊಳ್ಳುವವರಿಗೆ ಬಹುಶಃ ತನ್ನ ಸಂಗೀತ ಬೇಕಿಲ್ಲ ಅನ್ನುವ ಅರ್ಥದ ಮಾತೂ ಆಡಿದರು. ಸೆಪ್ಟೆಂಬರಿನಲ್ಲಿ ಏಜೆನ್ಸಿಯೇ ದೌರ್ಜನ್ಯ ನಡೆದದ್ದು ನಿಜ ಅಂತ ಒಪ್ಪಿಕೊಂಡಿತು. ಬಹಳ ಜನ ಕೇಳುಗರಿಗೆ ಅವರ ಮಾತಿನಿಂದ ನೋವಾಯಿತು, ನನಗೂ ಆಯಿತು. ಪಕ್ಕದವರ ಉಸಿರನ್ನೂ ಕೇಳಿಸಿಕೊಳ್ಳುವ ಕಿವಿ ಅದು. ಆ ದಿನ ಕೇಳಿಸಿಕೊಳ್ಳಬೇಕಾದವರನ್ನು ಕೇಳಿಸಿಕೊಳ್ಳಲಿಲ್ಲ. ಹಾಡು ಬೇರೆ ಮನುಷ್ಯ ಬೇರೆ ಅಂತ ಹೇಳಿ ನಾನು ಇದನ್ನು ದಾಟಿಹೋಗಲಾರೆ. ಹಾಗೆಯೇ ಆ ಹಾಡುಗಳನ್ನು ಬಿಡಲೂ ನನ್ನಿಂದ ಆಗಿಲ್ಲ.

ಕೊನೆಯದಾಗಿ ಕಛೇರಿಗಳ ವಿಷಯ, ನನಗೆ ತುಂಬ ಇಷ್ಟವಾದದ್ದು. ಅವರಷ್ಟು ಹೆಸರಿದ್ದವರು ಜಪಾನಿನಲ್ಲಿ ನಲವತ್ತು ಐವತ್ತು ಸಾವಿರ ಜನ ಸೇರುವ ಡೋಮ್‌ಗಳಲ್ಲಿ ಹಾಡುತ್ತಾರೆ. ಎರಡು ರಾತ್ರಿಗೆ ಕೆಲಸ ಮುಗಿಯುತ್ತದೆ. ಇವರು ಎರಡು ಮೂರು ಸಾವಿರ ಜನ ಹಿಡಿಸುವ ಹಾಲ್‌ಗಳನ್ನೇ ಹಿಡಿದು, ಊರಿಂದ ಊರಿಗೆ ತಿಂಗಳುಗಟ್ಟಲೆ ಹೋಗುತ್ತಾರೆ. ಒಂದೊಂದು ಕಛೇರಿ ಮೂರು ಗಂಟೆ ದಾಟುತ್ತದೆ. ಬಯಲಿನ ಉತ್ಸವಗಳಿಗೆ ಅಪರೂಪಕ್ಕೆ ಹೋಗಿದ್ದಾರೆ, 2025ರ ಜುಲೈನಲ್ಲಿ ಮೊದಲ ಸಲ ಫುಜಿ ರಾಕ್‌ನಲ್ಲಿ ಹಾಡಿದರು, 72ನೇ ವಯಸ್ಸಿನಲ್ಲಿ. ಆದರೆ ಮನೆ ಅಂದರೆ ಹಾಲ್. ಕಛೇರಿಗಳ ಚಿತ್ರಣವನ್ನು 2012ರಲ್ಲಿ ಸಿನಿಮಾ ಮಂದಿರಗಳಲ್ಲಿ ಮಾತ್ರ, ಕೆಲವೇ ದಿನ ತೋರಿಸಿದರು. ಡಿವಿಡಿ ಮಾಡಲಿಲ್ಲ.

ಯಾವ ಹಾಲ್ ಅನ್ನುವುದೂ ಅವರಿಗೆ ಮುಖ್ಯ. ಒಸಾಕಾದ ಫೆಸ್ಟಿವಲ್ ಹಾಲ್ ಒಡೆದು ಹೊಸದು ಕಟ್ಟುತ್ತೇವೆ ಅಂದಾಗ ವೇದಿಕೆಯ ಮೇಲೇ ಬೇಸರ ತೋಡಿಕೊಂಡರು. ಟೋಕಿಯೊದ ನಕಾನೊ ಸನ್‌ಪ್ಲಾಜಾ ಇನ್ನೊಂದು. 1973ರಲ್ಲಿ ತೆರೆದದ್ದು, 2,222 ಆಸನ. ಶುಗರ್ ಬೇಬ್ ಹುಟ್ಟಿದ ವರ್ಷವೇ ಅದೂ ಹುಟ್ಟಿತು. 2023ರಲ್ಲಿ ಅದನ್ನು ಮುಚ್ಚುವಾಗ ಕೊನೆಯ ಎರಡು ಸಂಜೆ, ಜುಲೈ 1 ಮತ್ತು 2, ಹಾಡಿದವರು ಯಮಾಶಿತಾ.

ಈ ಕಛೇರಿಗಳಲ್ಲಿ ಒಂದು ರೂಢಿ ಇದೆ. ‘ಲೆಟ್ಸ್ ಡ್ಯಾನ್ಸ್ ಬೇಬಿ’ ಎಂಬ ಹಾಡಿನಲ್ಲಿ ಎದೆಗೆ ಬೆರಳಿನ ಬಂದೂಕು ಹಿಡಿಯುವ ಒಂದು ಸಾಲು ಬರುತ್ತದೆ. ಆ ಸಾಲು ಬಂದ ಕೂಡಲೇ ಜನ ಬ್ಯಾಗಿನಲ್ಲಿ ತಂದ ಕಾಗದದ ಪಟಾಕಿಗಳನ್ನು ‘ಢಂ’ ಅಂತ ಒಟ್ಟಿಗೆ ಹೊಡೆಯುತ್ತಾರೆ. ಯಾರೂ ಹೇಳಿಕೊಡುವುದಿಲ್ಲ, ಹಳಬರನ್ನು ನೋಡಿ ಹೊಸಬರು ಕಲಿಯುತ್ತಾರೆ.

ಆಮೇಲೆ ಕೊನೆಯ ಕಡೆಗೆ ‘ರೈಡ್ ಆನ್ ಟೈಮ್’ ಬರುತ್ತದೆ. ಅದರ ನಡುವೆ ವಾದ್ಯಗಳು ತಗ್ಗುತ್ತವೆ. ಅವರು ಮೈಕಿನಿಂದ ಸರಿದು ವೇದಿಕೆಯ ಅಂಚಿಗೆ ಬರುತ್ತಾರೆ. ಎರಡು ಸಾವಿರ ಜನ ಉಸಿರು ಹಿಡಿದು ಕೂರುತ್ತಾರೆ. ಎಪ್ಪತ್ತು ದಾಟಿದ ಗಂಟಲು, ಯಾವ ಯಂತ್ರದ ನೆರವೂ ಇಲ್ಲದೆ, ಒಂದೇ ಸ್ವರವನ್ನು ಎತ್ತಿ ಹಿಡಿಯುತ್ತದೆ. ಅದು ಮೇಲಿನ ಬಾಲ್ಕನಿಯ ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳಿಸುತ್ತದೆ.